ಮೂವರಲ್ಲಿ ಆ ಒಬ್ಬಳು ಯಾರು? – ಸ್ತನ ಕ್ಯಾನ್ಸರ್ ವರದಿಯ ನಾಲ್ಕು ಸಾಲುಗಳ ಇತಿಹಾಸ

ಮನೆಯಲ್ಲಿ ಒಬ್ಬರು ಶಾಲಾ ಶಿಕ್ಷಕರಿದ್ದರೆ ನೆಂಟರಿಷ್ಟರ ಕಾಗದಪತ್ರಗಳೆಲ್ಲ ಅವರ ಕೈಗೇ ಬರುತ್ತವೆ. ಬ್ಯಾಂಕಿನ ನೋಟಿಸು, ಪಹಣಿ, ಸ್ಕಾಲರ್‌ಶಿಪ್ ಅರ್ಜಿ, ಎಲ್ಲವನ್ನೂ ಓದಿ ಹೇಳಬೇಕು. ಹಾಗೆಯೇ ಒಂದು ದಿನ ನನ್ನ ಖಾಲಾ ಒಂದು ಲಕೋಟೆ ತಂದು ಮುಂದಿಟ್ಟರು. ಎದೆಯಲ್ಲಿದ್ದ ಗಂಟಿನಿಂದ ಚೂರು ತೆಗೆದು ಪರೀಕ್ಷಿಸಿದ ವರದಿ ಅದು. ಗಂಟು ಕ್ಯಾನ್ಸರಿನದೇ ಎಂದು ವೈದ್ಯರು ಆಗಲೇ ಬಾಯಿಮಾತಿನಲ್ಲಿ ತಿಳಿಸಿದ್ದರು. ವರದಿಯ ಕೊನೆಯಲ್ಲಿ ನಾಲ್ಕು ಸಾಲುಗಳಿದ್ದವು: ಇ.ಆರ್. ಪಾಸಿಟಿವ್, ಪಿ.ಆರ್. ಪಾಸಿಟಿವ್, ಹರ್-2 ಎರಡು ಪ್ಲಸ್, ಕೆ.ಐ.-67 ಶೇ. 18.

"ಪಾಸಿಟಿವ್ ಅಂದರೆ ಕೆಟ್ಟದ್ದಲ್ಲವೇ ಬೇಟಾ?" ಎಂದು ಖಾಲಾ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಬಿ.ಇಡಿ. ಮಾಡಿದವರಿಗೆ ಎಲ್ಲವೂ ಗೊತ್ತಿರುತ್ತದೆ ಎಂಬ ಅವರ ನಂಬಿಕೆಗೆ ಅಂದು ಸ್ವಲ್ಪ ಧಕ್ಕೆಯಾಯಿತು. ಮರುದಿನ ವೈದ್ಯರು ಐದು ನಿಮಿಷದಲ್ಲಿ ವಿವರಿಸಿದರು: ಈ ನಾಲ್ಕೂ ಪ್ರೋಟೀನುಗಳ ಹೆಸರುಗಳು, ರೋಗ ಮುಂದೆ ಹೇಗೆ ನಡೆದುಕೊಳ್ಳಬಹುದು, ಯಾವ ಔಷಧಿ ಹಿಡಿಯುತ್ತದೆ ಎಂಬುದನ್ನು ಇವು ತಿಳಿಸುತ್ತವೆ, ಮೊದಲ ಎರಡು ಸಾಲುಗಳಲ್ಲಿ ಪಾಸಿಟಿವ್ ಎಂದಿರುವುದು ಒಳ್ಳೆಯ ಸುದ್ದಿ. ಆ ಐದು ನಿಮಿಷದ ಮಾತಿನ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ಅದನ್ನು ಓದುತ್ತಾ ಹೋದಂತೆ ನಮ್ಮ ಸಂಚಿಕೆಯ ಓದುಗರೊಡನೆ, ವಿಶೇಷವಾಗಿ ವಿಜ್ಞಾನ ಓದುವ ವಿದ್ಯಾರ್ಥಿನಿಯರೊಡನೆ, ಹಂಚಿಕೊಳ್ಳಬೇಕೆನಿಸಿತು.

ಇಲ್ಲಿ ಪ್ರೋಟೀನ್ ಎಂದರೆ ಬೇಳೆ, ಮೊಟ್ಟೆಗಳಲ್ಲಿ ಸಿಗುವ ಆಹಾರಾಂಶ ಎಂದು ತಿಳಿಯಬಾರದು. ನಮ್ಮ ಪ್ರತಿಯೊಂದು ಜೀವಕೋಶವೂ ತನ್ನ ಕೆಲಸಕ್ಕೆ ಬೇಕಾದ ಸಾವಿರಾರು ಬಗೆಯ ಪ್ರೋಟೀನುಗಳನ್ನು ತಾನೇ ತಯಾರಿಸಿಕೊಳ್ಳುತ್ತದೆ. ಕ್ಯಾನ್ಸರ್ ಕೋಶವೂ ಹಾಗೆಯೇ. ಯಾವ ಗಡ್ಡೆ ಯಾವ ಪ್ರೋಟೀನನ್ನು ಎಷ್ಟು ತಯಾರಿಸುತ್ತಿದೆ ಎಂದು ನೋಡಿ ಅದರ ಸ್ವಭಾವವನ್ನು ಅಂದಾಜು ಮಾಡಬಹುದು.

ಹಾಲು ಬತ್ತದ ಹಸು

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ತನ ಕ್ಯಾನ್ಸರಿಗೆ ಇದ್ದದ್ದು ಕತ್ತಿಯೊಂದೇ. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವಿಲಿಯಂ ಹಾಲ್‌ಸ್ಟೆಡ್ ಸ್ತನವನ್ನು, ಅದರ ಕೆಳಗಿನ ಎದೆಯ ಸ್ನಾಯುಗಳನ್ನು, ಕಂಕುಳಿನ ಗಂಟುಗಳನ್ನು ಒಟ್ಟಿಗೆ ತೆಗೆದುಹಾಕುವ ಶಸ್ತ್ರಚಿಕಿತ್ಸೆಯನ್ನು 1894ರಲ್ಲಿ ವಿವರಿಸಿದರು. ಮುಂದಿನ ಮುಕ್ಕಾಲು ಶತಮಾನ ಜಗತ್ತಿನ ಹೆಚ್ಚಿನ ಆಸ್ಪತ್ರೆಗಳು ಅದನ್ನೇ ಅನುಸರಿಸಿದವು. ರೋಗ ಆಗಲೇ ದೇಹದಲ್ಲಿ ಹರಡಿದ್ದರೆ ಮಾತ್ರ ಆ ಕತ್ತಿಗೂ ಕೆಲಸವಿರಲಿಲ್ಲ.

ಇದೇ ಸಮಯದಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜಾರ್ಜ್ ಬೀಟ್ಸನ್ ಎಂಬ ವೈದ್ಯರಿದ್ದರು. 1876ರ ಸುಮಾರಿಗೆ, ಇನ್ನೂ ಯುವಕರಾಗಿದ್ದಾಗ, ಹಳ್ಳಿಗಾಡಿನ ಒಂದು ಜಮೀನುದಾರರ ಮನೆಯಲ್ಲಿ ಮಾನಸಿಕ ಅಸ್ವಸ್ಥರೊಬ್ಬರನ್ನು ನೋಡಿಕೊಳ್ಳುವ ಕೆಲಸ ಅವರಿಗೆ ಸಿಕ್ಕಿತ್ತು. ಕೆಲಸ ಕಡಿಮೆ, ಬಿಡುವು ಹೆಚ್ಚು. ಪಕ್ಕದಲ್ಲೇ ಕುರಿ ಸಾಕಣೆ ಇದ್ದುದರಿಂದ ಹಾಲು ಉತ್ಪತ್ತಿಯಾಗುವ ಬಗೆಯನ್ನೇ ತಮ್ಮ ಎಂ.ಡಿ. ಪ್ರಬಂಧಕ್ಕೆ ವಿಷಯವಾಗಿ ಆರಿಸಿಕೊಂಡರು. ಕೆಲವು ದೇಶಗಳ ರೈತರು ಕರು ಹಾಕಿದ ಹಸುವಿನ ಅಂಡಾಶಯವನ್ನು ತೆಗೆದುಬಿಡುತ್ತಾರೆ, ಆಗ ಅದು ಬಹುಕಾಲ ಹಾಲು ಬತ್ತದೆ ಕರೆಯುತ್ತದೆ ಎಂಬ ಸಂಗತಿ ಅವರ ಗಮನಕ್ಕೆ ಬಂತು. ಅಂಡಾಶಯ ಇರುವುದೆಲ್ಲಿ, ಕೆಚ್ಚಲು ಇರುವುದೆಲ್ಲಿ! ಎರಡನ್ನೂ ಸೇರಿಸುವ ನರವೂ ಕಾಣುವುದಿಲ್ಲ. ಆದರೂ ಒಂದು ಇನ್ನೊಂದನ್ನು ಆಳುತ್ತಿದೆ. ಹಾಗಾದರೆ ಸ್ತನದ ಕ್ಯಾನ್ಸರನ್ನೂ ಅಂಡಾಶಯ ಆಳುತ್ತಿರಬಹುದೇ?

1895ರ ಜೂನ್ ತಿಂಗಳಿನಲ್ಲಿ ಬೀಟ್ಸನ್ ಈ ಊಹೆಯನ್ನು ಪರೀಕ್ಷಿಸಿದರು. ರೋಗಿ 33 ವರ್ಷದ ತಾಯಿ. ಸ್ತನ ತೆಗೆದ ಮೇಲೂ ಎದೆಯ ಮೇಲೆ ರೋಗ ಮರುಕಳಿಸಿ ಕೈಬಿಟ್ಟ ಸ್ಥಿತಿ. ಅವಳ ಅಂಡಾಶಯಗಳನ್ನು ತೆಗೆಯಲಾಯಿತು. ಕೆಲವೇ ತಿಂಗಳಲ್ಲಿ ಗಡ್ಡೆಗಳು ಕರಗಿದವು. ಆಕೆ ಸುಮಾರು ನಾಲ್ಕು ವರ್ಷ ಬದುಕಿದಳು. 1896ರಲ್ಲಿ ಈ ವಿವರಗಳು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದವು. ಹಾರ್ಮೋನ್ ಎಂಬ ಶಬ್ದವೇ ಆಗ ಹುಟ್ಟಿರಲಿಲ್ಲ. ಅದು ಬಳಕೆಗೆ ಬಂದದ್ದು 1905ರಲ್ಲಿ. ಬೀಟ್ಸನ್ ಕೊಟ್ಟ ವಿವರಣೆಯಲ್ಲಿ ಎಷ್ಟೋ ಭಾಗ ಇಂದು ತಪ್ಪೆಂದು ಗೊತ್ತಾಗಿದೆ. ತಪ್ಪು ದಾರಿಯಲ್ಲಿ ಹೋಗಿ ಸರಿಯಾದ ಊರನ್ನು ಮುಟ್ಟಿದವರಲ್ಲಿ ಅವರೂ ಒಬ್ಬರು.

ಬೇರೆ ವೈದ್ಯರೂ ಇದನ್ನು ಮಾಡಿ ನೋಡಿದರು. ಇಂಗ್ಲೆಂಡಿನ ಸ್ಟಾನ್ಲಿ ಬಾಯ್ಡ್ 1900ರಲ್ಲಿ 54 ಪ್ರಕರಣಗಳನ್ನು ಒಟ್ಟುಗೂಡಿಸಿ ನೋಡಿದಾಗ ಸುಮಾರು ಮೂರನೇ ಒಂದು ಭಾಗದಷ್ಟು ಮಹಿಳೆಯರಿಗೆ ಮಾತ್ರ ಪ್ರಯೋಜನವಾಗಿತ್ತು. ಮಿಕ್ಕವರು ಶಸ್ತ್ರಚಿಕಿತ್ಸೆಯ ನೋವನ್ನು ಸುಮ್ಮನೆ ಅನುಭವಿಸಿದ್ದರು. ಮೂವರಲ್ಲಿ ಒಬ್ಬಳಿಗೆ ಉಪಯೋಗ. ಆ ಒಬ್ಬಳು ಯಾರು ಎಂದು ಮೊದಲೇ ಗುರುತಿಸುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಸಿಗಲು ಇನ್ನೂ ಎಪ್ಪತ್ತು ವರ್ಷ ಬೇಕಾಯಿತು. ವರದಿಯ ಮೊದಲ ಸಾಲು, ಇ.ಆರ್., ಆ ಉತ್ತರವೇ.

ವಿಯೆನ್ನಾದ ಐವರು ಶ್ರೋತೃಗಳು

1920ರ ದಶಕದಲ್ಲಿ ಅಂಡಾಶಯದ ಹಾರ್ಮೋನಾದ ಈಸ್ಟ್ರೋಜೆನ್ ಅನ್ನು ಬೇರ್ಪಡಿಸಲಾಯಿತು. ಅದು ಗರ್ಭಕೋಶವನ್ನೂ ಸ್ತನವನ್ನೂ ಬೆಳೆಸುತ್ತದೆ ಎಂದು ಗೊತ್ತಾಯಿತು. ಮುಟ್ಟು ನಿಂತ ಮೇಲೂ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳ ಸ್ರಾವದಿಂದ ದೇಹದಲ್ಲಿ ಸ್ವಲ್ಪ ಈಸ್ಟ್ರೋಜೆನ್ ಉಂಟಾಗುತ್ತಲೇ ಇರುತ್ತದೆ. ಷಿಕಾಗೋ ವಿಶ್ವವಿದ್ಯಾಲಯದ ಚಾರ್ಲ್ಸ್ ಹಗ್ಗಿನ್ಸ್ 1950ರ ದಶಕದ ಆರಂಭದಲ್ಲಿ ಈ ಗ್ರಂಥಿಗಳನ್ನೇ ತೆಗೆದು ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ನೀಡಿದರು. ಇದು ಸಣ್ಣ ಶಸ್ತ್ರಚಿಕಿತ್ಸೆಯಲ್ಲ. ಮಾಡಿಸಿಕೊಂಡವರು ಬದುಕಿರುವವರೆಗೆ ಕಾರ್ಟಿಸೋನ್ ತೆಗೆದುಕೊಳ್ಳಬೇಕು. ಇಲ್ಲಿಯೂ ಅದೇ ಲೆಕ್ಕ. ಕೆಲವರಿಗೆ ಮಾತ್ರ ಪ್ರಯೋಜನ.

ಹಗ್ಗಿನ್ಸ್ ಅವರು ತಮ್ಮ ಪ್ರಯೋಗಾಲಯಕ್ಕೆ ಎಲ್ವುಡ್ ಜೆನ್ಸನ್ ಎಂಬ ರಸಾಯನ ವಿಜ್ಞಾನಿಯನ್ನು ಸೇರಿಸಿಕೊಂಡಿದ್ದರು. ಜೆನ್ಸನ್ 1947ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿದ್ದಾಗ ಮ್ಯಾಟರ್‌ಹಾರ್ನ್ ಶಿಖರವನ್ನು ಹತ್ತಿದ್ದರು. 1865ರಲ್ಲಿ ಅದನ್ನು ಮೊದಲು ಏರಿದ ಎಡ್ವರ್ಡ್ ವಿಂಪರ್ ಇಟಲಿಯ ಕಡೆಯಿಂದ ಹಲವು ಬಾರಿ ಸೋತು, ಕೊನೆಗೆ ಎಲ್ಲರೂ ಕಷ್ಟವೆಂದು ಬಿಟ್ಟಿದ್ದ ಸ್ವಿಸ್ ಕಡೆಯಿಂದ ಹತ್ತಿ ಗೆದ್ದಿದ್ದ. ಇದು ತನಗೆ ಪಾಠವಾಯಿತು ಎಂದು ಜೆನ್ಸನ್ ಮುಂದೆ ಹೇಳುತ್ತಿದ್ದರು. ಅಂದಿನ ವಿಜ್ಞಾನಿಗಳೆಲ್ಲ ಹಾರ್ಮೋನ್ ದೇಹಕ್ಕೆ ಏನು ಮಾಡುತ್ತದೆ ಎಂದು ಹುಡುಕುತ್ತಿದ್ದರು. ಜೆನ್ಸನ್ ಪ್ರಶ್ನೆಯನ್ನು ತಿರುಗಿಸಿದರು: ದೇಹ ಹಾರ್ಮೋನಿಗೆ ಏನು ಮಾಡುತ್ತದೆ?

ಅವರೂ ಅವರ ಸಹೋದ್ಯೋಗಿ ಹರ್ಬರ್ಟ್ ಜೇಕಬ್ಸನ್ ಅವರೂ ಈಸ್ಟ್ರೋಜೆನ್‌ಗೆ ವಿಕಿರಣಶೀಲ ಹೈಡ್ರೋಜನ್ ಸೇರಿಸಿ, ಚಿಕ್ಕ ಹೆಣ್ಣು ಇಲಿಗಳಿಗೆ ಅತ್ಯಲ್ಪ ಪ್ರಮಾಣದಲ್ಲಿ ಚುಚ್ಚಿದರು. ವಿಕಿರಣವನ್ನು ಅಳೆದರೆ ಹಾರ್ಮೋನ್ ಎಲ್ಲಿ ಹೋಯಿತೆಂದು ತಿಳಿಯುತ್ತದೆ. ಸ್ನಾಯು, ಯಕೃತ್ತುಗಳಿಗೆ ಬಂದ ಹಾರ್ಮೋನ್ ಬಂದಂತೆಯೇ ಹೊರಟುಹೋಯಿತು. ಗರ್ಭಕೋಶ ಮಾತ್ರ ಅದನ್ನು ಗಂಟೆಗಟ್ಟಲೆ ಹಿಡಿದಿಟ್ಟುಕೊಂಡಿತ್ತು, ಅದೂ ಯಾವ ಬದಲಾವಣೆಯನ್ನೂ ಮಾಡದೆ. ಅಂದರೆ ಅಲ್ಲಿ ಈಸ್ಟ್ರೋಜೆನ್ ಅನ್ನು ಗುರುತು ಹಿಡಿದು ಬರಮಾಡಿಕೊಳ್ಳುವ ಏನೋ ಒಂದು ಇದೆ. ಅದೇ ಈಸ್ಟ್ರೋಜೆನ್ ರಿಸೆಪ್ಟರ್, ಅಂದರೆ ಗ್ರಾಹಕ ಪ್ರೋಟೀನ್.

1958ರಲ್ಲಿ ವಿಯೆನ್ನಾದಲ್ಲಿ ನಡೆದ ಅಂತಾರಾಷ್ಟ್ರೀಯ ಜೀವರಸಾಯನ ಸಮ್ಮೇಳನದಲ್ಲಿ ಜೆನ್ಸನ್ ಇದನ್ನು ಮಂಡಿಸಿದಾಗ ಕೊಠಡಿಯಲ್ಲಿದ್ದವರು ಐದು ಮಂದಿ. ಅವರಲ್ಲಿ ಮೂವರು ಅದೇ ಗೋಷ್ಠಿಯ ಇತರ ಭಾಷಣಕಾರರು. ಬೇರೊಂದು ಸಭಾಂಗಣದಲ್ಲಿ ಹಾರ್ಮೋನುಗಳ ಬಗ್ಗೆ ಅಂದು ಪ್ರಚಲಿತವಾಗಿದ್ದ ಸಿದ್ಧಾಂತವನ್ನು ಕೇಳಲು ಜನ ಕಿಕ್ಕಿರಿದಿದ್ದರಂತೆ. ನಮ್ಮ ಶಾಲೆಗಳ ವಿಜ್ಞಾನ ದಿನಾಚರಣೆಯಲ್ಲಿ ಖಾಲಿ ಕುರ್ಚಿಗಳ ಮುಂದೆ ಭಾಷಣ ಮಾಡಿದ ಮಕ್ಕಳಿಗೆ ನಾನು ಈ ಪ್ರಸಂಗವನ್ನು ಹೇಳುವುದುಂಟು.

ಜೆನ್ಸನ್ ಅಲ್ಲಿಗೇ ನಿಲ್ಲಲಿಲ್ಲ. ಅಡ್ರಿನಲ್ ಗ್ರಂಥಿ ತೆಗೆಸಿಕೊಂಡ ಮಹಿಳೆಯರ ಗಡ್ಡೆಗಳಲ್ಲಿ ಈ ಪ್ರೋಟೀನ್ ಇದೆಯೇ ಎಂದು ಪರೀಕ್ಷಿಸಿ, 1971ರಲ್ಲಿ ಫಲಿತಾಂಶ ಪ್ರಕಟಿಸಿದರು. ರಿಸೆಪ್ಟರ್ ಇದ್ದವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ಫಲಿಸಿತ್ತು. ಇಲ್ಲದವರಿಗೆ ಹೆಚ್ಚುಕಡಿಮೆ ಫಲಿಸಿರಲಿಲ್ಲ. 1974ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ಸೇರಿದ ಸಂಶೋಧಕರು ಬೇರೆ ಬೇರೆ ಕೇಂದ್ರಗಳ 436 ಚಿಕಿತ್ಸಾ ದಾಖಲೆಗಳನ್ನು ಒಟ್ಟಿಗಿಟ್ಟು ನೋಡಿದರು. ರಿಸೆಪ್ಟರ್ ಇದ್ದ ಗಡ್ಡೆಗಳಲ್ಲಿ ಶೇ. 55ರಿಂದ 60ರಷ್ಟು ಹಾರ್ಮೋನ್ ಚಿಕಿತ್ಸೆಗೆ ಬಗ್ಗಿದ್ದವು. ಇಲ್ಲದ ಗಡ್ಡೆಗಳಲ್ಲಿ ಈ ಪ್ರಮಾಣ ಶೇ. 10ನ್ನೂ ದಾಟಲಿಲ್ಲ. ಬಾಯ್ಡ್ ಅವರ ಮೂವರಲ್ಲಿ ಆ ಒಬ್ಬಳು ಯಾರೆಂಬುದು ಕೊನೆಗೂ ಬಹುಮಟ್ಟಿಗೆ ಗೊತ್ತಾಯಿತು.

ಮರುವರ್ಷವೇ ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ ಕ್ಯಾಥರಿನ್ ಹಾರ್ವಿಟ್ಜ್ ಮತ್ತು ವಿಲಿಯಂ ಮೆಕ್‌ಗೈರ್ ಅವರು ಪಿ.ಆರ್. ಎಂಬ ಎರಡನೆಯ ಗುರುತನ್ನು ಸೇರಿಸಿದರು. ಇದು ಪ್ರೊಜೆಸ್ಟೆರಾನ್ ಹಾರ್ಮೋನಿನ ಗ್ರಾಹಕ. ಈಸ್ಟ್ರೋಜೆನ್ ರಿಸೆಪ್ಟರ್ ಕೆಲಸ ಮಾಡುತ್ತಿದ್ದರೆ ಮಾತ್ರ ಕೋಶವು ಇದನ್ನು ತಯಾರಿಸುತ್ತದೆ. ಸ್ವಿಚ್ಚು ಸರಿಯಿದೆಯೇ ಎಂದು ತಿಳಿಯಲು ಬಲ್ಬು ಉರಿಯುತ್ತಿದೆಯೇ ಎಂದು ನೋಡಿದ ಹಾಗೆ.

ಗರ್ಭನಿರೋಧಕವಾಗದ ಗುಳಿಗೆ

ಗುರುತು ಸಿಕ್ಕಿತು, ಸರಿ. ಪ್ರತಿಯೊಬ್ಬರ ಅಂಡಾಶಯ, ಅಡ್ರಿನಲ್ ಗ್ರಂಥಿಗಳನ್ನು ತೆಗೆಯುತ್ತಾ ಕೂರಲಾದೀತೇ? ಇಂಗ್ಲೆಂಡಿನ ಐ.ಸಿ.ಐ. ಕಂಪನಿಯಲ್ಲಿ ಡೋರಾ ರಿಚರ್ಡ್‌ಸನ್ ಎಂಬ ಮಹಿಳಾ ರಸಾಯನ ವಿಜ್ಞಾನಿ 1962ರಲ್ಲಿ ಒಂದು ಸಂಯುಕ್ತವನ್ನು ತಯಾರಿಸಿದ್ದರು. ಕಂಪನಿ ಹುಡುಕುತ್ತಿದ್ದದ್ದು ಗರ್ಭನಿರೋಧಕ ಗುಳಿಗೆಯನ್ನು. ಇಲಿಗಳಲ್ಲಿ ಅದು ಗರ್ಭ ತಡೆಯಿತು. ಮಹಿಳೆಯರಲ್ಲಿ ಮಾತ್ರ ಅಂಡ ಬಿಡುಗಡೆಯನ್ನು ತಡೆಯುವ ಬದಲು ಪ್ರಚೋದಿಸಿತು! ಆದರೂ ಅದು ಈಸ್ಟ್ರೋಜೆನ್ ರಿಸೆಪ್ಟರಿಗೆ ಅಡ್ಡ ಕೂರುತ್ತಿದ್ದುದರಿಂದ ಸ್ತನ ಕ್ಯಾನ್ಸರಿನಲ್ಲಿ ಪರೀಕ್ಷಿಸಲಾಯಿತು. 1971ರಲ್ಲಿ ಮ್ಯಾಂಚೆಸ್ಟರಿನ ಕ್ರಿಸ್ಟಿ ಆಸ್ಪತ್ರೆಯ ಮೇರಿ ಕೋಲ್ ಮತ್ತು ಸಂಗಡಿಗರು ರೋಗ ಮುಂದುವರಿದ 46 ಮಹಿಳೆಯರಿಗೆ ಅದನ್ನು ಕೊಟ್ಟಾಗ 10 ಮಂದಿಗೆ ಗುಣ ಕಂಡಿತು. ಅದೇ ಟಾಮಾಕ್ಸಿಫೆನ್. ಕ್ರೇಗ್ ಜೋರ್ಡನ್ ಎಂಬ ಔಷಧ ವಿಜ್ಞಾನಿ ಇಡೀ ಜೀವಮಾನವನ್ನು ಈ ಒಂದು ಔಷಧಿಯ ಅಧ್ಯಯನಕ್ಕೆ ಮೀಸಲಿಟ್ಟರು.

20 ಸಾವಿರಕ್ಕೂ ಹೆಚ್ಚು ಮಹಿಳೆಯರ ಮಾಹಿತಿಯನ್ನು ಕ್ರೋಡೀಕರಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಇ.ಆರ್. ಪಾಸಿಟಿವ್ ಇರುವವರು ಸುಮಾರು ಐದು ವರ್ಷ ಟಾಮಾಕ್ಸಿಫೆನ್ ತೆಗೆದುಕೊಂಡರೆ ಮುಂದಿನ 15 ವರ್ಷಗಳಲ್ಲಿ ಸ್ತನ ಕ್ಯಾನ್ಸರಿನಿಂದಾಗುವ ಸಾವು ಮೂರನೇ ಒಂದರಷ್ಟು ಕಡಿಮೆಯಾಗುತ್ತದೆ. ಇ.ಆರ್. ನೆಗೆಟಿವ್ ಇರುವವರಿಗೆ ಪ್ರಯೋಜನ ಇಲ್ಲವೆಂದೇ ಹೇಳಬೇಕು. ಈ ಗುಳಿಗೆ ದುಬಾರಿಯದಲ್ಲ; ಯಾವ ಊರಿನ ಮೆಡಿಕಲ್ ಶಾಪಿನಲ್ಲೂ ತರಿಸಿಕೊಳ್ಳಬಹುದು. ಆದ್ದರಿಂದ ವರದಿಯಲ್ಲಿ ಪಾಸಿಟಿವ್ ಇರುವುದನ್ನು ತಪ್ಪಾಗಿ ನೆಗೆಟಿವ್ ಎಂದು ಬರೆದುಬಿಟ್ಟರೆ ಆ ಮಹಿಳೆಗೆ ಆಗುವ ನಷ್ಟ ಎಷ್ಟು ದೊಡ್ಡದು ಎಂದು ಯೋಚಿಸಿ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಕೆಟ್ಟ ಗುರುತು ಒಳ್ಳೆಯದಾದ ಬಗೆ

ಮೂರನೆಯ ಸಾಲಿನ ಹರ್-2 ಬೇರೆಯೇ ದಾರಿಯಿಂದ ಬಂದದ್ದು. ಅಮೆರಿಕದ ಎಂ.ಐ.ಟಿ.ಯಲ್ಲಿ ರಾಬರ್ಟ್ ವೈನ್‌ಬರ್ಗ್ ಅವರ ತಂಡ 1980ರ ದಶಕದ ಆರಂಭದಲ್ಲಿ ಇಲಿಯ ನರದ ಗಡ್ಡೆಯೊಂದರಲ್ಲಿ ಕ್ಯಾನ್ಸರ್ ತರುವ ಜೀನ್ ಒಂದನ್ನು ಕಂಡುಹಿಡಿಯಿತು. ಅದಕ್ಕೆ ಸರಿಸಮನಾದ ಮನುಷ್ಯರ ಜೀನನ್ನು 1985ರಲ್ಲಿ ಜೆನೆನ್‌ಟೆಕ್ ಕಂಪನಿಯ ಆಕ್ಸೆಲ್ ಉಲ್‌ರಿಕ್ ಮತ್ತಿತರರು ಬೇರ್ಪಡಿಸಿದರು. ಅದು ಯಾವ ರೋಗಕ್ಕೆ ಸಂಬಂಧಿಸಿದ್ದು ಎಂದು ಅವರಿಗೇ ಗೊತ್ತಿರಲಿಲ್ಲ. ಲಾಸ್ ಏಂಜಲಿಸಿನ ವೈದ್ಯ ಡೆನ್ನಿಸ್ ಸ್ಲಾಮನ್ ಬಳಿ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಗಳ ದೊಡ್ಡ ಸಂಗ್ರಹ ಫ್ರೀಜರಿನಲ್ಲಿತ್ತು. ಒಬ್ಬರ ಬಳಿ ಕೀಲಿ, ಇನ್ನೊಬ್ಬರ ಬಳಿ ಬೀಗ. ಇಬ್ಬರೂ ಸೇರಿ 189 ಸ್ತನದ ಗಡ್ಡೆಗಳನ್ನು ಪರೀಕ್ಷಿಸಿದಾಗ ಸುಮಾರು ಶೇ. 30ರಲ್ಲಿ ಈ ಜೀನ್ ಎರಡು ಪ್ರತಿಗಳ ಬದಲು ಹಲವು ಪಟ್ಟು ಹೆಚ್ಚಾಗಿ ಕಂಡಿತು. ಅಂಥ ಮಹಿಳೆಯರಲ್ಲಿ ರೋಗ ಬೇಗ ಮರುಕಳಿಸುತ್ತಿತ್ತು, ಸಾವೂ ಬೇಗ ಬರುತ್ತಿತ್ತು. ಇದು 1987ರಲ್ಲಿ ಪ್ರಕಟವಾಯಿತು. ಇಂದು ಈ ಪ್ರಮಾಣವನ್ನು ಶೇ. 15ರಿಂದ 20 ಎಂದು ಹೇಳಲಾಗುತ್ತದೆ.

ಹರ್-2 ಪ್ರೋಟೀನ್ ಕೋಶದ ಹೊರಮೈಯಲ್ಲಿ ಚಾಚಿಕೊಂಡಿರುತ್ತದೆ. ಹೊರಗಿರುವುದನ್ನು ಹೊರಗಿನಿಂದಲೇ ಹಿಡಿಯಬಹುದಲ್ಲ! 1975ರಲ್ಲಿ ಕೇಂಬ್ರಿಜ್‌ನ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ಗುರಿಯನ್ನು ಹಿಡಿಯುವ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ವಿಧಾನ ಕಂಡುಕೊಂಡಿದ್ದರು. ಅದೇ ವಿಧಾನದಿಂದ ಹರ್-2ಗೆ ಅಂಟಿಕೊಳ್ಳುವ ಇಲಿಯ ಪ್ರತಿಕಾಯವನ್ನು ತಯಾರಿಸಿ, ಮನುಷ್ಯರ ದೇಹ ಒಪ್ಪುವಂತೆ ಮಾರ್ಪಡಿಸಲಾಯಿತು. ಅದೇ ಟ್ರಾಸ್ಟುಜುಮಾಬ್, ವ್ಯಾಪಾರದ ಹೆಸರು ಹರ್ಸೆಪ್ಟಿನ್. ರೋಗ ಹರಡಿದ 469 ಮಹಿಳೆಯರ ಪರೀಕ್ಷೆಯ ಫಲಿತಾಂಶ ಬಂದ ಮೇಲೆ 1998ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. 2005ರಲ್ಲಿ, ರೋಗ ಇನ್ನೂ ಹರಡದ ಮಹಿಳೆಯರಲ್ಲಿ ಅದು ಮರುಕಳಿಕೆಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ ಎಂದು ತಿಳಿದುಬಂತು. ಕೆಲವರ ಹೃದಯಕ್ಕೆ ತೊಂದರೆ ಕೊಡುವುದರಿಂದ ಆಗಾಗ್ಗೆ ಹೃದಯದ ಎಕೋ ಪರೀಕ್ಷೆ ಮಾಡಿಸುತ್ತಿರಬೇಕು.

ಇದರಲ್ಲಿ ನನಗೆ ಅತ್ಯಂತ ವಿಸ್ಮಯಕರವಾಗಿ ಕಂಡ ಸಂಗತಿಯೆಂದರೆ, 1987ರಲ್ಲಿ ಹರ್-2 ಪಾಸಿಟಿವ್ ಎಂಬುದು ಕೆಟ್ಟ ಸುದ್ದಿಯಾಗಿತ್ತು. ಇಪ್ಪತ್ತು ವರ್ಷಗಳೊಳಗೆ ಅದೇ ಫಲಿತಾಂಶ ಪರಿಣಾಮಕಾರಿ ಔಷಧಿಯ ಬಾಗಿಲಾಯಿತು. ಗಡ್ಡೆ ಬದಲಾಗಿರಲಿಲ್ಲ, ಔಷಧಿ ಬಂದಿತ್ತು. ರೋಗದ ಗತಿಯನ್ನು ಹೇಳುವ ಗುರುತು ಬೇರೆ, ಚಿಕಿತ್ಸೆ ಫಲಿಸುವುದೇ ಎಂದು ಹೇಳುವ ಗುರುತು ಬೇರೆ. ಒಂದೇ ಪ್ರೋಟೀನ್ ಎರಡೂ ಆಗಬಹುದು. 2022ರಲ್ಲಿ ಇನ್ನೊಂದು ತಿರುವು ಬಂತು. ಟ್ರಾಸ್ಟುಜುಮಾಬ್‌ಗೆ ಕೋಶನಾಶಕ ಔಷಧಿಯನ್ನು ಜೋಡಿಸಿದ ಹೊಸ ಚುಚ್ಚುಮದ್ದು, ಅದುವರೆಗೆ ಹರ್-2 ನೆಗೆಟಿವ್ ಎಂದು ಬದಿಗಿಟ್ಟಿದ್ದ, ಅಲ್ಪ ಪ್ರಮಾಣದಲ್ಲಿ ಈ ಪ್ರೋಟೀನ್ ಇರುವ ಗಡ್ಡೆಗಳ ಮೇಲೂ ಕೆಲಸ ಮಾಡುತ್ತದೆ ಎಂದು ರೋಗ ಹರಡಿದ ಮಹಿಳೆಯರಲ್ಲಿ ಗೊತ್ತಾಯಿತು.

ಬೆಲೆಯ ಮಾತನ್ನು ಬಿಡುವಂತಿಲ್ಲ. ಇಲ್ಲಿ ನಮ್ಮ ಬೆಂಗಳೂರಿನ ಹೆಸರು ಬರುತ್ತದೆ. ಬಯೋಕಾನ್ ಕಂಪನಿ ಮೈಲಾನ್ ಜೊತೆ ಸೇರಿ ಟ್ರಾಸ್ಟುಜುಮಾಬ್‌ನ ಸಮಾನ ಔಷಧಿಯನ್ನು ಅಭಿವೃದ್ಧಿಪಡಿಸಿ 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು. ಅಂದು 440 ಮಿಲಿಗ್ರಾಂ ಸೀಸೆಯ ಬೆಲೆ ಸುಮಾರು 57,500 ರೂಪಾಯಿ. ಮೂಲ ಔಷಧಿಗಿಂತ ಇದು ಕಡಿಮೆಯೇ. ಆದರೂ ಸಾಮಾನ್ಯ ಕುಟುಂಬಕ್ಕೆ ಒಂದು ವರ್ಷದ ಚಿಕಿತ್ಸೆ ಎಂದರೆ ಹೊಲ ಮಾರುವ ಮಾತು. 2017ರ ಡಿಸೆಂಬರಿನಲ್ಲಿ ಇದೇ ಔಷಧಿಗೆ ಅಮೆರಿಕದ ಅನುಮತಿಯೂ ದೊರೆಯಿತು. ಆ ದೇಶ ಒಪ್ಪಿದ ಮೊದಲ ಸಮಾನ ಟ್ರಾಸ್ಟುಜುಮಾಬ್ ಇದು. ಆಮೇಲೆ ಬೇರೆ ಕಂಪನಿಗಳೂ ಬಂದು ಬೆಲೆ ಇಳಿದಿದೆ. ಆರಂಭಿಕ ಹಂತದ ರೋಗದಲ್ಲಿ ಒಂದು ವರ್ಷದ ಬದಲು ಆರು ತಿಂಗಳ ಚಿಕಿತ್ಸೆಯೂ ಹೆಚ್ಚು ಕಡಿಮೆ ಅಷ್ಟೇ ಫಲ ಕೊಡುತ್ತದೆ ಎಂದು ಬ್ರಿಟನ್ನಿನಲ್ಲಿ 4,000ಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಅಧ್ಯಯನ 2019ರಲ್ಲಿ ವರದಿ ಮಾಡಿತು. ಹಣವಿಲ್ಲವೆಂದು ಚಿಕಿತ್ಸೆಯನ್ನೇ ಕೈಬಿಡುವವರು ವೈದ್ಯರೊಡನೆ ಈ ವಿಷಯವನ್ನು ಮಾತನಾಡಬಹುದು.

ಗುರುತು ತಪ್ಪಿದರೆ

ಜೆನ್ಸನ್ ಕಾಲದ ಪರೀಕ್ಷೆಗೆ ಗಡ್ಡೆಯ ದೊಡ್ಡ ಚೂರು ಬೇಕಿತ್ತು. ತೆಗೆದೊಡನೆ ಅದನ್ನು ಘನೀಕರಿಸಿ ಪ್ರಯೋಗಾಲಯಕ್ಕೆ ಒಯ್ಯಬೇಕಿತ್ತು. ಅವರ ತಂಡವೇ 1980ರಲ್ಲಿ ಈಸ್ಟ್ರೋಜೆನ್ ರಿಸೆಪ್ಟರನ್ನು ಹಿಡಿಯುವ ಪ್ರತಿಕಾಯವನ್ನು ತಯಾರಿಸಿತು. ಆಮೇಲೆ ಕೆಲಸ ಸುಲಭವಾಯಿತು. ಗಡ್ಡೆಯ ಚೂರನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದ ಅಚ್ಚಿನಲ್ಲಿ ಕೂರಿಸಿ, ತೆಳುವಾಗಿ ಕೊಯ್ದು, ಗಾಜಿನ ಪಟ್ಟಿಯ ಮೇಲೆ ಪ್ರತಿಕಾಯ ಹಾಕುತ್ತಾರೆ. ಪ್ರೋಟೀನ್ ಇದ್ದಲ್ಲಿ ಕಂದು ಬಣ್ಣ ಮೂಡುತ್ತದೆ. ನೂರು ಕೋಶಗಳಲ್ಲಿ ಒಂದಕ್ಕೆ ಬಣ್ಣ ಬಂದಿದ್ದರೂ ಇ.ಆರ್. ಪಾಸಿಟಿವ್ ಎಂದೇ ಪರಿಗಣಿಸಬೇಕೆಂದು 2010ರ ಅಮೆರಿಕನ್ ಮಾರ್ಗಸೂಚಿ ಹೇಳಿತು. ಶೇ. 1ರಿಂದ 10ರವರೆಗಿನದನ್ನು ಅಲ್ಪ ಪಾಸಿಟಿವ್ ಎಂದು ಬೇರೆಯಾಗಿ ಬರೆಯುವ ಕ್ರಮ 2020ರಲ್ಲಿ ಬಂತು.

ಬಣ್ಣ ಬಾರದಿರುವುದಕ್ಕೆ ಪ್ರೋಟೀನ್ ಇಲ್ಲದಿರುವುದೊಂದೇ ಕಾರಣವಲ್ಲ. ತೆಗೆದ ಗಡ್ಡೆ ಫಾರ್ಮಲಿನ್ ಇಲ್ಲದೆ ಹೊತ್ತು ಕಳೆದರೆ ಪ್ರೋಟೀನ್ ಕೆಡುತ್ತದೆ. ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಹಾಕಬೇಕು, ಅದರಲ್ಲಿ 6 ಗಂಟೆಗೆ ಕಡಿಮೆ ಇಲ್ಲದಂತೆ, 72 ಗಂಟೆಗೆ ಮೀರದಂತೆ ಇಡಬೇಕು ಎಂಬ ನಿಯಮವಿದೆ. ಈ ಸಣ್ಣ ಕೆಲಸ ನರ್ಸು, ವಾರ್ಡ್‌ಬಾಯ್, ಲ್ಯಾಬ್ ಟೆಕ್ನಿಷಿಯನ್ ಇವರ ಕೈಯಲ್ಲಿರುತ್ತದೆ. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಡಿ.ಎಂ.ಎಲ್.ಟಿ., ನರ್ಸಿಂಗ್ ಕೋರ್ಸುಗಳಿಗೆ ಹೋಗುತ್ತಾರೆ. ಅವರಿಗಾಗಿ ಇದನ್ನು ಬಿಡಿಸಿ ಬರೆದಿದ್ದೇನೆ.

ಇದರಲ್ಲಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕೆನಡಾ ದೇಶದ ನ್ಯೂಫೌಂಡ್‌ಲೆಂಡ್ ಸಾಕ್ಷಿ. ಅಲ್ಲಿ ಇ.ಆರ್. ನೆಗೆಟಿವ್ ಎಂದು ಬಂದಿದ್ದ ರೋಗಿಯೊಬ್ಬರ ಮಾದರಿಯನ್ನು 2005ರಲ್ಲಿ ಮತ್ತೆ ಪರೀಕ್ಷಿಸಿದಾಗ ಪಾಸಿಟಿವ್ ಬಂತು. ಅನುಮಾನ ಬಂದು 1997ರಿಂದ 2005ರವರೆಗಿನ ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಮರುಪರೀಕ್ಷೆಗೆ ಕಳುಹಿಸಿದರು. 380ಕ್ಕೂ ಹೆಚ್ಚು ಮಂದಿಯ ಫಲಿತಾಂಶ ತಪ್ಪಾಗಿತ್ತು. ಅವರಲ್ಲಿ ಹಲವರು ಟಾಮಾಕ್ಸಿಫೆನ್ ಸಿಗದೆಯೇ ತೀರಿಕೊಂಡಿದ್ದರು. ನ್ಯಾಯಮೂರ್ತಿ ಮಾರ್ಗರೆಟ್ ಕ್ಯಾಮೆರಾನ್ ಅವರ ಆಯೋಗ ವಿಚಾರಣೆ ನಡೆಸಿ 2009ರಲ್ಲಿ ವರದಿ ನೀಡಿತು. ಯಾರೋ ಒಬ್ಬ ದುಷ್ಟನ ಕೆಲಸ ಅದಲ್ಲ. ಮಾದರಿಯ ಸಂರಕ್ಷಣೆ, ಸಿಬ್ಬಂದಿಯ ತರಬೇತಿ, ಗುಣಮಟ್ಟದ ತಪಾಸಣೆ, ಇವುಗಳಲ್ಲಿ ವರ್ಷಗಟ್ಟಲೆ ನಡೆದ ಸಡಿಲಿಕೆ.

ನಮ್ಮ ದೇಶದ ಅಂಕಿಗಳನ್ನೂ ಈ ಬೆಳಕಿನಲ್ಲಿ ನೋಡಬೇಕು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಿಂದ 2000ದಲ್ಲಿ ಬಂದ 798 ಗಡ್ಡೆಗಳ ಅಧ್ಯಯನದಲ್ಲಿ ಸುಮಾರು ಮೂರನೇ ಒಂದು ಮಾತ್ರ ಇ.ಆರ್. ಪಾಸಿಟಿವ್ ಇತ್ತು. ಪಾಶ್ಚಾತ್ಯ ದೇಶಗಳಲ್ಲಿ ಇದು ಮುಕ್ಕಾಲು ಭಾಗಕ್ಕೆ ಸಮೀಪ. ನಂತರದ ವರ್ಷಗಳಲ್ಲಿ ಅಲ್ಲಿಯೇ ಈ ಪ್ರಮಾಣ ಏರಿತು. ಪರೀಕ್ಷಾ ವಿಧಾನ ಸುಧಾರಿಸಿದ್ದು ಅದಕ್ಕೆ ಒಂದು ಕಾರಣ. ಆದರೆ ಎಲ್ಲವನ್ನೂ ಫಾರ್ಮಲಿನ್ ಮೇಲೆ ಹೊರಿಸುವಂತಿಲ್ಲ. ನಮ್ಮಲ್ಲಿ ರೋಗ ಕಾಣಿಸಿಕೊಳ್ಳುವ ವಯಸ್ಸು ಕಡಿಮೆ. ಇ.ಆರ್., ಪಿ.ಆರ್., ಹರ್-2 ಮೂರೂ ಇಲ್ಲದ 'ಟ್ರಿಪಲ್ ನೆಗೆಟಿವ್' ಗಡ್ಡೆಗಳು ಭಾರತದಲ್ಲಿ ಮೂರನೇ ಒಂದರ ಹತ್ತಿರ ಹತ್ತಿರ ಕಂಡುಬರುತ್ತವೆ. ಇವರಿಗೆ ಟಾಮಾಕ್ಸಿಫೆನ್ ಆಗಲಿ ಟ್ರಾಸ್ಟುಜುಮಾಬ್ ಆಗಲಿ ಹಿಡಿಯದು; ಕಿಮೋಥೆರಪಿಯೇ ಮುಖ್ಯ ಆಸರೆ.

ನಾಲ್ಕನೆಯ ಸಾಲಿನ ಕೆ.ಐ.-67 ಕುರಿತು ಎರಡು ಮಾತು ಸಾಕು. 1983ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಯೋಹಾನೆಸ್ ಗೆರ್ಡೆಸ್ ತಂಡ ಇದನ್ನು ಗುರುತಿಸಿತು. ಊರಿನ ಹೆಸರಿನ ಮೊದಲೆರಡು ಅಕ್ಷರ, ಪ್ರಯೋಗದ ತಟ್ಟೆಯ ಗುಳಿಯ ಸಂಖ್ಯೆ, ಎರಡೂ ಸೇರಿ ಹೆಸರಾಯಿತು. ಕೋಶ ವಿಭಜನೆಯಾಗುತ್ತಿದ್ದರೆ ಮಾತ್ರ ಈ ಪ್ರೋಟೀನ್ ಇರುತ್ತದೆ. ಆದುದರಿಂದ ಗಡ್ಡೆ ಎಷ್ಟು ವೇಗವಾಗಿ ಬೆಳೆಯುತ್ತಿದೆ ಎಂದು ತಿಳಿಯಬಹುದು. ಕಷ್ಟವೇನೆಂದರೆ ಒಂದೇ ಪಟ್ಟಿಯನ್ನು ಇಬ್ಬರು ಎಣಿಸಿದರೆ ಎರಡು ಲೆಕ್ಕ ಬರುತ್ತದೆ. ಶೇ. 5 ಅಥವಾ ಅದಕ್ಕೂ ಕಡಿಮೆ, ಶೇ. 30 ಅಥವಾ ಅದಕ್ಕೂ ಹೆಚ್ಚು ಇದ್ದಾಗ ಮಾತ್ರ ಅದನ್ನು ನಂಬಿ ನಿರ್ಧಾರ ಮಾಡಬಹುದೆಂದು ಅಂತಾರಾಷ್ಟ್ರೀಯ ತಜ್ಞರ ತಂಡ 2021ರಲ್ಲಿ ಹೇಳಿತು. ಖಾಲಾ ಅವರ 18 ಎರಡರ ನಡುವೆ ಬಿದ್ದಿತ್ತು.

ಈ ನಾಲ್ಕರ ಹಾಗೆ ಎಲ್ಲ ಗುರುತುಗಳೂ ಉಳಿಯಲಿಲ್ಲ. 1990ರಲ್ಲಿ ಕ್ಯಾಥೆಪ್ಸಿನ್-ಡಿ ಎಂಬ ಪ್ರೋಟೀನ್ ಬಗ್ಗೆ ದೊಡ್ಡ ಭರವಸೆ ಹುಟ್ಟಿತು. ಬೇರೆಯವರು ಪರೀಕ್ಷಿಸಿದಾಗ ಫಲಿತಾಂಶಗಳು ಹೊಂದಲಿಲ್ಲ, ಮರೆಯಾಯಿತು. ಇಂಥ ಎಷ್ಟೋ ಹೆಸರುಗಳು ಬಂದುಹೋದವು. ಗುರುತುಗಳ ಕುರಿತ ಅಧ್ಯಯನವನ್ನು ಹೇಗೆ ವರದಿ ಮಾಡಬೇಕೆಂಬ ನಿಯಮಾವಳಿಯೇ 2005ರಲ್ಲಿ ಬರಬೇಕಾಯಿತು. ರಕ್ತದ ಸಿ.ಎ. 15-3 ಎಂಬ ಪರೀಕ್ಷೆಯೊಂದಿದೆ. ರೋಗ ಹರಡಿದವರ ಚಿಕಿತ್ಸೆ ಹೇಗೆ ಸಾಗಿದೆ ಎಂದು ನೋಡಲು ಅದನ್ನು ಬಳಸುತ್ತಾರೆ. ಆರೋಗ್ಯವಂತರಲ್ಲಿ ಸ್ತನ ಕ್ಯಾನ್ಸರ್ ಪತ್ತೆ ಮಾಡಲು ಅದು ಉಪಯೋಗವಿಲ್ಲ. ಅದಕ್ಕಾಗಿ ಹಣ ಸುರಿಯಬೇಕಾಗಿಲ್ಲ. ಇನ್ನು ಬೆಂಗಳೂರಿನ ಆಂಕೋಸ್ಟೆಮ್ ಸಂಸ್ಥೆ ಐದು ಬೇರೆ ಪ್ರೋಟೀನುಗಳನ್ನು ಅಳೆದು, ಗಡ್ಡೆಯ ಗಾತ್ರ, ದರ್ಜೆ, ಕಂಕುಳಿನ ಗಂಟುಗಳ ವಿವರ ಸೇರಿಸಿ, ಇ.ಆರ್. ಪಾಸಿಟಿವ್ ಆಗಿರುವ ಆರಂಭಿಕ ಹಂತದ ರೋಗಿಗಳಿಗೆ ಮರುಕಳಿಕೆಯ ಅಂದಾಜು ಕೊಡುವ ಪರೀಕ್ಷೆಯನ್ನು 2016ರಿಂದ ನಡೆಸುತ್ತಿದೆ. ಯಾರಿಗೆ ಕಿಮೋಥೆರಪಿ ಬೇಡ ಎಂದು ತಿಳಿಯುವುದು ಇದರ ಉದ್ದೇಶ. ಪ್ರಶ್ನೆ ಮತ್ತದೇ: ಯಾರಿಗೆ ಬೇಕು, ಯಾರಿಗೆ ಬೇಡ?

ಖಾಲಾ ಅವರ ಹರ್-2 ಎರಡು ಪ್ಲಸ್ ಎಂದರೆ ಇದೆಯೋ ಇಲ್ಲವೋ ಎಂಬ ಅನುಮಾನದ ಸ್ಥಿತಿ. ಅಂಥ ಸಂದರ್ಭದಲ್ಲಿ ಜೀನ್ ಪ್ರತಿಗಳನ್ನೇ ಎಣಿಸುವ 'ಫಿಶ್' ಎಂಬ ಪರೀಕ್ಷೆ ಮಾಡಿಸಬೇಕು. ಮೇಣದ ಅಚ್ಚನ್ನು ಬೆಂಗಳೂರಿಗೆ ಕಳುಹಿಸಿದೆವು. ಎರಡು ವಾರ ಮನೆಯಲ್ಲಿ ಯಾರಿಗೂ ಸರಿಯಾಗಿ ಊಟ ಸೇರಲಿಲ್ಲ. ಫಲಿತಾಂಶ ನೆಗೆಟಿವ್ ಬಂತು. ಶಸ್ತ್ರಚಿಕಿತ್ಸೆ, ರೇಡಿಯೇಷನ್ ಮುಗಿದು ಈಗ ದಿನಕ್ಕೊಂದು ಗುಳಿಗೆ ನುಂಗುತ್ತಿದ್ದಾರೆ.

ಖಾಲಾ ಮೊದಲಿನಿಂದಲೂ ಎರಡು ಹಸು ಕಟ್ಟಿಕೊಂಡು ಹಾಲು ಮಾರಿ ಮಕ್ಕಳನ್ನು ಓದಿಸಿದವರು. ಬೀಟ್ಸನ್ ಸಾಹೇಬರ ಕಥೆಯನ್ನು ಒಂದು ಸಂಜೆ ಕೊಟ್ಟಿಗೆಯ ಮುಂದೆ ಕುಳಿತು ಅವರಿಗೆ ಹೇಳಿದೆ. ಪೂರ್ತಿ ಕೇಳಿದ ಮೇಲೆ ಹಸುವಿನ ಕಡೆ ತಿರುಗಿ, "ಹಾಗಾದರೆ ನನ್ನ ಗುಳಿಗೆಯ ಲೆಕ್ಕದಲ್ಲಿ ಇವಳದೂ ಒಂದು ಪಾಲಿದೆ" ಎಂದು ನಕ್ಕು, ಹಿಂಡಿಯ ಬಕೆಟ್ಟನ್ನು ಅದರ ಮುಂದೆ ಸರಿಸಿದರು.